ಮಳೆ, ಕೆಸರು, ದೂಳು: ಮೈದಾನಕ್ಕೆ ಯಾವ ಕ್ಯಾಮೆರಾ, ಯಾವ ಲೆನ್ಸ್?

ಪ್ರಶ್ನೆ: ನಮ್ಮ ಸುತ್ತಿನ ಊರುಗಳಲ್ಲಿ ನಡೆಯುವ ಕೆಸರುಗದ್ದೆ ಓಟ, ಕಬಡ್ಡಿ, ಕ್ರಿಕೆಟ್ ಟೂರ್ನಿಗಳ ಫೋಟೊ ತೆಗೆಯುತ್ತೇನೆ. ಈಗಿರುವುದು ಹಳೆಯ ಕ್ಯಾನನ್ ಬಾಡಿ ಮತ್ತು ಅದರ ಜೊತೆ ಬಂದ 18–55 ಲೆನ್ಸ್. ಒಂದು ಲಕ್ಷ ರೂಪಾಯಿ ಕೂಡಿಸಿದ್ದೇನೆ. ಮಳೆಗಾಲಕ್ಕೂ ತಡೆಯುವಂಥದ್ದು ಯಾವುದು? – ಓದುಗರು, ಮೂಡಿಗೆರೆ

ಉತ್ತರ: ಮೊದಲು ಲೆನ್ಸಿಗೆ ಹಣ ಎತ್ತಿಡಿ, ಉಳಿದದ್ದರಲ್ಲಿ ಬಾಡಿ ನೋಡಿ. ಬಾಡಿಗಳು ನಾಲ್ಕೈದು ವರ್ಷಕ್ಕೆ ಹಳತಾಗುತ್ತವೆ, ಒಳ್ಳೆಯ ಲೆನ್ಸ್ ಚೆನ್ನಾಗಿ ಇಟ್ಟುಕೊಂಡರೆ ಇಪ್ಪತ್ತು ವರ್ಷ ದುಡಿಯುತ್ತದೆ.

‘ವೆದರ್ ಸೀಲ್’ ಅಂದರೆ ಬಟನ್, ಬಾಗಿಲು, ಕೀಲುಗಳ ಸಂದಿನಲ್ಲಿ ರಬ್ಬರ್ ಕೂರಿಸಿದ್ದಾರೆ ಎಂದಷ್ಟೇ ಅರ್ಥ. ಜಿಟಿಜಿಟಿ ಮಳೆಗೆ ತಡೆಯುತ್ತದೆ, ಜಡಿಮಳೆಗೆ ಅಲ್ಲ. ಬಾಡಿ ಸೀಲ್ ಆಗಿದ್ದು ಲೆನ್ಸ್ ಆಗಿರದಿದ್ದರೆ ಎರಡೂ ಸೇರುವ ಜಾಗದಿಂದಲೇ ನೀರು ಒಳಗಿಳಿಯುತ್ತದೆ. ಆದ್ದರಿಂದ ಲೆನ್ಸಿನ ಹಿಂಬದಿ ತಿರುಗಿಸಿ ನೋಡಿ: ಲೋಹದ ಮೌಂಟಿನ ಸುತ್ತ ತೆಳುವಾದ ರಬ್ಬರ್ ರಿಂಗ್ ಇರಬೇಕು. ಕ್ಯಾನನ್‌ನ ಹಳೆಯ 70–200 ಎಫ್ 4 ಎಲ್ ಲೆನ್ಸಿನಲ್ಲಿ ಎರಡು ಬಗೆ. 1999ರಲ್ಲಿ ಬಂದ, ಐಎಸ್ (ಕಂಪನ ನಿರೋಧಕ) ಇಲ್ಲದ್ದಕ್ಕೆ ಸೀಲ್ ಇಲ್ಲ. 2006ರಲ್ಲಿ ಬಂದ ಐಎಸ್ ಇರುವುದಕ್ಕೆ ಇದೆ. ನೋಡಲು ಎರಡೂ ಒಂದೇ ಥರದ ಬಿಳಿ ಕೊಳವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡವುವುದು ಇಲ್ಲೇ.

ಎಷ್ಟು ಉದ್ದದ ಲೆನ್ಸ್ ಬೇಕು ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು. ಕ್ಯಾನನ್ ಎಪಿಎಸ್‌-ಸಿ (ನಿಮ್ಮಂಥ ಕ್ಯಾಮೆರಾಗಳಲ್ಲಿರುವ ಚಿಕ್ಕ ಅಳತೆಯ) ಸೆನ್ಸರಿನ ಎತ್ತರ ಸುಮಾರು 14.9 ಮಿ.ಮೀ. ಅದನ್ನು ಲೆನ್ಸಿನ ಮಿ.ಮೀ.ನಿಂದ ಭಾಗಿಸಿ, ಆಟಗಾರ ಇರುವ ದೂರದಿಂದ ಗುಣಿಸಿ. 200 ಮಿ.ಮೀ. ಲೆನ್ಸಿಗೆ 30 ಮೀಟರ್ ದೂರದಲ್ಲಿ ಸುಮಾರು 2.2 ಮೀಟರ್ ಎತ್ತರದ ಚೌಕಟ್ಟು ಸಿಗುತ್ತದೆ. ಅಂದರೆ ಓಡಿ ಬರುವ ಆಳು ತಲೆಯಿಂದ ಕಾಲಿನವರೆಗೆ ಸರಿಯಾಗಿ ತುಂಬುತ್ತಾನೆ. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಗೆರೆಯಾಚೆ ಐದು ಮೀಟರ್ ಬಿಟ್ಟು ಕೂತರೆ 70–200 ಹೇಳಿ ಮಾಡಿಸಿದ್ದು. ಕೆಸರುಗದ್ದೆಗೂ ಅದೇ ಸಾಕು. ಕ್ರಿಕೆಟ್‌ಗೆ ಸಾಲದು. ಬೌಂಡರಿಯಿಂದ ಪಿಚ್ 65 ಮೀಟರ್ ಇದ್ದರೆ ಚೌಕಟ್ಟು ಸುಮಾರು 4.8 ಮೀಟರ್ ಆಗುತ್ತದೆ, ಬ್ಯಾಟ್ಸ್‌ಮನ್ ಅದರ ಮೂರನೇ ಒಂದು ಭಾಗಕ್ಕೆ ಇಳಿಯುತ್ತಾನೆ. ಅಲ್ಲಿಗೆ 400 ಮಿ.ಮೀ. ಬೇಕು. ಒಂದು ಲಕ್ಷದಲ್ಲಿ ಎರಡನ್ನೂ ಹಿಡಿಯಲು ಹೋಗಬೇಡಿ, ಕ್ರಿಕೆಟ್ಟನ್ನು ಮುಂದಿನ ವರ್ಷಕ್ಕಿಡಿ.

ಬಾಡಿಯ ವಿಷಯ. 2022ರಲ್ಲಿ ಬಂದ ಕ್ಯಾನನ್ ಆರ್7 ಒಳ್ಳೆಯದೇ, ಆದರೆ ಹೊಸ ಬಾಡಿಗೇ ನಿಮ್ಮ ಗಂಟು ಖಾಲಿ. ಸೆಕೆಂಡ್ ಹ್ಯಾಂಡಿನಲ್ಲಿ 2014ರ ಕ್ಯಾನನ್ 7ಡಿ ಮಾರ್ಕ್ 2 ಹುಡುಕಿ. ಲೋಹದ ಮೈ, ಗಟ್ಟಿ ಸೀಲ್, ಸೆಕೆಂಡಿಗೆ 10 ಚಿತ್ರ, 65 ಫೋಕಸ್ ಬಿಂದು, 2 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿದ ಶಟರ್. ಕ್ಲಿಕ್ ಎಣಿಕೆ ಎಷ್ಟಾಗಿದೆ ಎಂದು ಕೇಳಿ. ಒಂದೂವರೆ ಲಕ್ಷ ದಾಟಿದ್ದರೆ ಬಿಡಿ. ಮುಂದೆ ಮಿರರ್‌ಲೆಸ್‌ಗೆ (ಆರ್7ನಂಥ, ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾಕ್ಕೆ) ಹೋದರೂ ನಿಮ್ಮ ಇಎಫ್ (ಕ್ಯಾನನ್ನಿನ ಹಳೆಯ ಮೌಂಟಿನ) ಲೆನ್ಸ್ ಅಡಾಪ್ಟರ್ ಮೂಲಕ ಆರ್ ಸರಣಿಯ ಬಾಡಿಗೆ ಕೂರುತ್ತದೆ, ಆಟೊಫೋಕಸ್ ಕೂಡ ನಡೆಯುತ್ತದೆ.

ಗದ್ದೆಯಲ್ಲಿ ಲೆನ್ಸ್ ಬದಲಿಸಬೇಡಿ. ಮುಂದೆ ಒಂದು ಫಿಲ್ಟರ್, ಅದರ ಮೇಲೆ ಹುಡ್ ಇರಲಿ. ಕೆಸರು ಹಾರಿದರೆ ಕರವಸ್ತ್ರದಿಂದ ಉಜ್ಜಬೇಡಿ, ಕೆಸರಿನೊಳಗಿನ ಮರಳು ಗಾಜನ್ನು ಗೀರುತ್ತದೆ. ಒಣಗಲು ಬಿಟ್ಟು, ಬ್ಲೋವರ್‌ನಿಂದ ಊದಿ, ಮೆತ್ತನೆಯ ಬ್ರಷ್ಷಿನಿಂದ ಉದುರಿಸಿ, ಆಮೇಲೆ ಒದ್ದೆ ಬಟ್ಟೆ. ಓಟಕ್ಕೆ ಶಟರ್ 1/1000 ಸೆಕೆಂಡ್. ಕೆಸರಿನ ಹನಿ ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ 1/2000.

ಪ್ರಶ್ನೆ: ಹೊನಲು ಬೆಳಕಿನ ವಾಲಿಬಾಲ್ ಪಂದ್ಯದಲ್ಲಿ ಒಂದೇ ಸೆಟ್ಟಿಂಗಿನಲ್ಲಿ ತೆಗೆದರೂ ಒಂದು ಚಿತ್ರ ಸರಿ, ಮುಂದಿನದು ಕಪ್ಪು, ಅದರ ಮುಂದಿನದು ಹಳದಿ. ಕ್ಯಾಮೆರಾ ಕೆಟ್ಟಿದೆಯೇ? – ಓದುಗರು, ಚಿಕ್ಕಮಗಳೂರು

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ, ಮಿನುಗುತ್ತಿರುವುದು ದೀಪ. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ಅನೇಕ ಫ್ಲಡ್‌ಲೈಟುಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಅದು ತಿಳಿಯುವುದಿಲ್ಲ. 1/1000 ಶಟರ್ ಆ ಏರಿಳಿತದ ಹತ್ತನೇ ಒಂದು ತುಣುಕನ್ನು ಮಾತ್ರ ಹಿಡಿಯುವುದರಿಂದ ಒಮ್ಮೆ ಏರು, ಒಮ್ಮೆ ಇಳಿತ ಸಿಗುತ್ತದೆ. ಮೆನುವಿನಲ್ಲಿ ‘ಆಂಟಿ ಫ್ಲಿಕರ್’ ಇದ್ದರೆ ಆನ್ ಮಾಡಿ. ದೀಪ ಏರಿದ ಗಳಿಗೆಗೆ ಕಾದು ಶಟರ್ ಬೀಳುತ್ತದೆ, ಹೀಗಾಗಿ ಸೆಕೆಂಡಿನ ಚಿತ್ರಗಳ ಸಂಖ್ಯೆ ತುಸು ಇಳಿಯಬಹುದು. ಆ ಸೌಲಭ್ಯವಿಲ್ಲದಿದ್ದರೆ 1/100ಕ್ಕೆ ಇಳಿಸಿ, ಸ್ಮ್ಯಾಷ್‌ಗೆ ಜಿಗಿದವನು ಮೇಲೆ ಕ್ಷಣಕಾಲ ತೂಗುವಾಗ ಒತ್ತಿ. ಕೈ ಮಸುಕಾಗುತ್ತದೆ, ಮುಖ ನಿಲ್ಲುತ್ತದೆ. ಎಲೆಕ್ಟ್ರಾನಿಕ್ ಶಟರ್ ಬೇಡ, ಚಿತ್ರದ ಮೇಲೆ ಪಟ್ಟೆಗಳು ಬೀಳುತ್ತವೆ.

ರಾತ್ರಿ ಆಟಕ್ಕೆ ಎಫ್ 2.8 ಲೆನ್ಸಿನ ಬೆಲೆ ಗೊತ್ತಾಗುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನೊಳಗೆ ಬೆಳಕು ಹೆಚ್ಚು). ಎಫ್ 5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು. ಅಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400 ಬೇಕಾದರೆ ಇಲ್ಲಿ 1600 ಸಾಕು. ಲೆನ್ಸಿನ ಕಂಪನ ನಿರೋಧಕ ನಿಮ್ಮ ಕೈನಡುಕಕ್ಕೆ ಮಾತ್ರ ಮದ್ದು, ಆಟಗಾರನ ಓಟಕ್ಕೆ ಅಲ್ಲ.

ಪ್ರಶ್ನೆ: ಮಳೆಗಾಲ ಕಳೆದು ಬ್ಯಾಗ್ ತೆಗೆದಾಗ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಂಡಿತು. ಒರೆಸಿದರೆ ಹೋಗುವುದಿಲ್ಲ. – ಓದುಗರು, ಸಕಲೇಶಪುರ

ಉತ್ತರ: ಅದು ಬೂಷ್ಟು. ಗಾಜಿನ ಒಳಮೈಯಲ್ಲಿ ಬೆಳೆದಿದೆ, ಹೊರಗಿನಿಂದ ಒರೆಸಿ ಫಲವಿಲ್ಲ. ಲೆನ್ಸ್ ಬಿಚ್ಚಿ ತೊಳೆಯುವ ಕೆಲಸ ಬಲ್ಲವರ ಕೈಗೆ ಈ ವಾರವೇ ಕೊಡಿ. ತಡವಾದಷ್ಟೂ ಅದು ಗಾಜಿನ ಲೇಪನವನ್ನು ತಿನ್ನುತ್ತದೆ, ಆಮೇಲೆ ತೊಳೆದರೂ ಗುರುತು ಉಳಿಯುತ್ತದೆ. ಅಲ್ಲಿಯವರೆಗೆ ಆ ಲೆನ್ಸನ್ನು ಉಳಿದವುಗಳ ಜೊತೆ ಇಡಬೇಡಿ.

ಮಲೆನಾಡಿನಲ್ಲಿ ಕ್ಯಾಮೆರಾ ಸಾಯುವುದು ಮೈದಾನದಲ್ಲಲ್ಲ, ಬೀರುವಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನೊಳಗೆ ಇಡಲೇಬೇಡಿ. ಬ್ಯಾಗಿನ ಸ್ಪಂಜು, ಚರ್ಮದ ಕೇಸು ಎರಡೂ ತೇವ ಹೀರಿ ಹಿಡಿದಿಡುತ್ತವೆ. ಶಕ್ತಿಯಿದ್ದರೆ ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಕೊಳ್ಳಿ. ಇಲ್ಲದಿದ್ದರೆ ಮುಚ್ಚಳಕ್ಕೆ ರಬ್ಬರ್ ಅಂಚಿರುವ 10 ಲೀಟರಿನ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಚೀಲದಲ್ಲಿ ಕಾಲು ಕಿಲೊ ಸಿಲಿಕಾ ಜೆಲ್, ಪಕ್ಕದಲ್ಲಿ ಪುಟ್ಟ ತೇವಮಾಪಕ. ಮುಳ್ಳು 40ರಿಂದ 50 ಶೇಕಡದ ನಡುವೆ ನಿಲ್ಲಬೇಕು. 60 ದಾಟಿತೆಂದರೆ ಜೆಲ್ ದಣಿದಿದೆ. ಕಿತ್ತಳೆ ಬಣ್ಣದ ಕಾಳು ತೇವ ಕುಡಿದಾಗ ಹಸಿರಾಗುತ್ತದೆ. ಆಷಾಢದಲ್ಲಿ ಸಕಲೇಶಪುರದ ಬಿಸಿಲನ್ನು ನಂಬಿ ಕೂರುವಂತಿಲ್ಲ, ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿ. ತೇವ ಕುಡಿದು ಗುಲಾಬಿಯಾಗುವ ನೀಲಿ ಕಾಳಿನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆ ಮುಟ್ಟಿಸಬೇಡಿ.

ಒದ್ದೆಯಾದ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂಳುವ ಅಭ್ಯಾಸವನ್ನೂ ಬಿಡಿ, ಅಕ್ಕಿಯ ಹಿಟ್ಟು ಸಂದುಗಳಿಗೆ ಸೇರುತ್ತದೆ. ಆಫ್ ಮಾಡಿ, ಬ್ಯಾಟರಿ, ಕಾರ್ಡ್ ತೆಗೆದು, ಬಾಗಿಲು ತೆರೆದಿಟ್ಟು ಫ್ಯಾನಿನ ಗಾಳಿಗೆ ಒಂದು ದಿನ ಬಿಡಿ. ‘ನೋಡೋಣ, ಆನ್ ಆಗುತ್ತಾ’ ಎಂದು ನಡುವೆ ಒತ್ತಿದರೆ ಉಳಿಯಬಹುದಾಗಿದ್ದ ಸರ್ಕ್ಯೂಟ್ ಸುಡಬಹುದು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರೂ ಇದನ್ನೇ ನೋಡಬೇಕು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಒಂದೆರಡು ದೂಳಿನ ಕಣ ಕಂಡರೆ ಚಿಂತೆಯಿಲ್ಲ. ಕವಲೊಡೆದ ಎಳೆ, ಹಾಲಿನಂಥ ಮಬ್ಬು ಕಂಡರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಪ್ರಶ್ನೆ: ನಮ್ಮ ಕಡೆ ಮಳೆಗಿಂತ ದೂಳು ಜಾಸ್ತಿ. ಕಾಫಿ ತೋಟಗಳ ನಡುವೆ ನಡೆಯುವ ಕಾರು ರ‍್ಯಾಲಿಯ ಫೋಟೊ ತೆಗೆಯುವ ಆಸೆಯೂ ಇದೆ. – ಓದುಗರು, ಕಡೂರು

ಉತ್ತರ: ದೂಳಿಗೂ ಸೀಲ್ ಬೇಕು, ಆದರೆ ಜೂಮ್ ಮಾಡಿದಾಗ ಕೊಳವೆ ಹೊರಚಾಚುವ ಲೆನ್ಸ್‌ಗಳು ಗಾಳಿಯ ಜೊತೆ ದೂಳನ್ನೂ ಒಳಗೆಳೆಯಬಹುದು. ಮೇಲೆ ಹೇಳಿದ ಇಎಫ್ 70–200ರಂತೆ ಒಳಗೇ ಜೂಮ್ ಆಗುವುದನ್ನು ಆರಿಸಿ. ಕಾರಿನ ವೇಗ ಚಿತ್ರದಲ್ಲಿ ಕಾಣಬೇಕಾದರೆ 1/60ರಿಂದ 1/125ಕ್ಕೆ ಇಳಿಸಿ, ಸೊಂಟದಿಂದ ಮೈ ತಿರುಗಿಸುತ್ತಾ ಕಾರನ್ನು ಹಿಂಬಾಲಿಸಿ. ಲೆನ್ಸಿನ ಐಎಸ್ ಗುಂಡಿಯನ್ನು 2ನೇ ಮೋಡ್‌ಗೆ ಹಾಕಿ. ಮೊದಲ ಇಪ್ಪತ್ತು ಚಿತ್ರ ಹಾಳಾಗುತ್ತವೆ, ಬಿಡಬೇಡಿ.

ನಿಲ್ಲುವ ಜಾಗ ಇದೆಲ್ಲಕ್ಕಿಂತ ಮುಖ್ಯ. ತಿರುವಿನ ಹೊರಬದಿಯಲ್ಲಿ ಎಂದೂ ನಿಲ್ಲಬೇಡಿ. ಹಿಡಿತ ತಪ್ಪಿದ ಕಾರು ಬರುವುದು ಆ ಕಡೆಗೇ. ಸಂಘಟಕರು ಕಟ್ಟಿದ ಟೇಪಿನ ಹಿಂದೆ, ರಸ್ತೆಗಿಂತ ಎತ್ತರದ ದಿಬ್ಬದ ಮೇಲೆ, ಹಿಂದಕ್ಕೆ ಸರಿಯಲು ಜಾಗವಿರುವ ಕಡೆ ನಿಲ್ಲಿ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರಿಗೆ ಕಾರು ಎಷ್ಟು ಹತ್ತಿರ ಬಂದಿದೆ ಎಂಬುದು ತಿಳಿಯುವುದಿಲ್ಲ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.