ಮೊದಲು ಸೋಪಿನ ಕಥೆ, ಆಮೇಲೆ ಮರಡಿಹಳ್ಳಿ ಕಥೆ

ನಮಸ್ಕಾರ. ಚಿತ್ರದುರ್ಗದಲ್ಲಿ ಬೇಸಿಗೆಗೆ ಮನೆಯೊಳಗೇ ಇರುವ ಮಕ್ಕಳಿಗೆ ರಾತ್ರಿ ಹೇಳಲು ವಿಜ್ಞಾನದ ಕಥೆ ಬೇಕು ಅಂತ ಕೇಳಿದ್ದೀರಿ. ಸೋಪಿನಿಂದ ಶುರು ಮಾಡಿ. ಕೊರೊನಾ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಹೊದಿಕೆ ಇದೆ. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಜಿಡ್ಡಿನ ತುದಿ ಆ ಹೊದಿಕೆಯೊಳಗೆ ನುಗ್ಗಿ ಅದನ್ನು ಒಡೆಯುತ್ತದೆ. ಅದಕ್ಕೇ 20 ಸೆಕೆಂಡು ಉಜ್ಜಬೇಕು. ಸುಮ್ನೆ ಕೈ ತೊಳಿ ಅನ್ನುವುದಕ್ಕಿಂತ ಇದು ಜಾಸ್ತಿ ನಾಟುತ್ತದೆ.

ಆದರೆ ನನಗೆ ತುಂಬಾ ಇಷ್ಟವಾದದ್ದು ಮರಡಿಹಳ್ಳಿ ಕಥೆ. ಐಮಂಗಲದ ಹತ್ತಿರ, ನಿಮಗೆ ದೂರವೇನಿಲ್ಲ. ಅಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಬಂಡೆಗಳಿವೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 200 ಕೋಟಿ ವರ್ಷಕ್ಕೂ ಹಿಂದೆ ನೀರಿನಡಿ ಲಾವಾ ಉಕ್ಕಿತು, ತಣ್ಣೀರು ತಾಗಿದ ಕೂಡಲೇ ಹೊರಗಿನ ಪದರ ಗಟ್ಟಿಯಾಯಿತು, ಒಳಗಿನ ಬಿಸಿ ಲಾವಾ ಅದನ್ನು ಸೀಳಿಕೊಂಡು ಮತ್ತೆ ಹೊರಬಂತು, ಅದೂ ಗಟ್ಟಿಯಾಯಿತು, ಹೀಗೇ ಒಂದರ ಮೇಲೊಂದು. ಮಳೆಗೆ ಕಾಯುವ ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು ಅಂದರೆ ಮಕ್ಕಳು ಒಂದೇ ಸಲಕ್ಕೆ ನಂಬುವುದಿಲ್ಲ. ಪರವಾಗಿಲ್ಲ, ಪ್ರಶ್ನೆ ಕೇಳುತ್ತಾರೆ ಅಲ್ವಾ? ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ಕಲ್ಲು ಒಡೆದು ತರಬಾರದು ಅಂತ ಮೊದಲೇ ಹೇಳಿರಿ.