ಕ್ಯಾನ್ಸರ್ ಇಮೇಜ್ ಲ್ಯಾಬಿಗೆ ಸೇರುವ ಮೊದಲು ಕಂಪ್ಯೂಟರ್ ಸೈನ್ಸ್‌ನವರು ಎಷ್ಟು ಬಯಾಲಜಿ ಓದಿಕೊಳ್ಳಬೇಕು?

ಬಿ.ಇ. ಮುಗಿದಿದೆ, ಪಿಎಚ್‌ಡಿ ಸೀಟು ಸಿಕ್ಕಿದೆ, ಬಯಾಲಜಿ ಪಿಯುಸಿಗೇ ನಿಂತುಹೋಗಿದೆ ಅಂತ ಬರೆದಿದ್ದೀರಿ. ನಾನೂ ಹುಬ್ಬಳ್ಳಿಯಿಂದ ಇಂಗ್ಲೆಂಡಿನ ಲ್ಯಾಬೊಂದಕ್ಕೆ ಹೋದದ್ದು ಹೀಗೇ. ಹೋಗುವ ಮುಂಚೆ ಕೋಶವಿಜ್ಞಾನದ ದಪ್ಪ ಪುಸ್ತಕವನ್ನೇ ಓದಿ ಮುಗಿಸಿದ್ದೆ. ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ.

ನಮ್ಮದು ಶ್ವಾಸಕೋಶದ ಗಡ್ಡೆಗಳ ಕೆಲಸ. ನಾಲ್ಕೈದು ಮೈಕ್ರಾನ್ ದಪ್ಪದ ತೆಳು ಪದರ ಕತ್ತರಿಸಿ, ರೋಗದ ವಿರುದ್ಧ ಹೋರಾಡುವ ಟಿ ಕೋಶ ಗುರುತಿಸಲು ಸಿಡಿ3 ಪ್ರೋಟೀನಿಗೆ, ಗಡ್ಡೆಯ ಕೋಶ ಗುರುತಿಸಲು ಸೈಟೋಕೆರಾಟಿನ್ ಪ್ರೋಟೀನಿಗೆ ಬಣ್ಣ ಹಚ್ಚಿ, ಎಲ್ಲ ನ್ಯೂಕ್ಲಿಯಸ್‌ಗೂ ಡಾಪಿ ಎಂಬ ಬಣ್ಣ ಹಾಕುತ್ತಿದ್ದರು. ಬಣ್ಣ ಹಾಕುವುದು ಟೆಕ್ನಿಷಿಯನ್, ಸ್ಲೈಡ್ ನೋಡುವುದು ಪೆಥಾಲಜಿಸ್ಟ್. ಯಾವ ಕೋಶ ಯಾವುದರ ಪಕ್ಕದಲ್ಲಿದೆ, ಎಷ್ಟು ದೂರದಲ್ಲಿದೆ ಅಂತ ಲೆಕ್ಕ ಹಾಕುವುದು ನನ್ನ ಪಾಲಿನದು.

ನನ್ನ ಲೆಕ್ಕದ ಟೇಬಲ್‌ನಲ್ಲಿ ಸಿಡಿ3, ಸೈಟೋಕೆರಾಟಿನ್ ಎರಡೂ ಇರುವ ಕೋಶಗಳು ಸಿಕ್ಕವು. ಹೊಸ ಬಗೆಯ ಕೋಶವೇ ಇರಬೇಕು ಅಂದುಕೊಂಡೆ. ಅವು ಹೆಚ್ಚಿದ್ದ ರೋಗಿಗಳು ಹೆಚ್ಚು ಕಾಲ ಬದುಕಿದ್ದರು, ಗ್ರಾಫ್ ಅಷ್ಟು ಚೆನ್ನಾಗಿ ಬಂದಿತ್ತು. ಒಂದು ವರ್ಷಕ್ಕೂ ಹೆಚ್ಚು ಅದರ ಹಿಂದೆಯೇ ಇದ್ದೆ.

ಆಗಿದ್ದು ಏನು ಅಂತ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ನಿಮಗೂ ಎದುರಾಗುತ್ತದೆ. ಸಾಫ್ಟ್‌ವೇರ್ ಮೊದಲು ಡಾಪಿ ನೋಡಿ ನ್ಯೂಕ್ಲಿಯಸ್ ಹುಡುಕುತ್ತದೆ. ಕೋಶದ ಅಂಚು ಅದಕ್ಕೆ ಕಾಣುವುದಿಲ್ಲ, ಹಾಗಾಗಿ ನ್ಯೂಕ್ಲಿಯಸ್‌ನ ಗೆರೆಯನ್ನೇ ಸುತ್ತಲೂ ಹಿಗ್ಗಿಸಿ ಇದೇ ಕೋಶ ಅನ್ನುತ್ತದೆ. ಸ್ಲೈಡ್ ಚಿತ್ರ ಅಳೆಯುವ ಕ್ಯೂಪಾತ್ ಎಂಬ ಸಾಫ್ಟ್‌ವೇರ್‌ನಲ್ಲಿ ನೀವು ಬದಲಾಯಿಸದಿದ್ದರೆ ಆ ಹಿಗ್ಗಿಸುವಿಕೆ 5 ಮೈಕ್ರಾನ್. ಗಡ್ಡೆಯ ಕೋಶಕ್ಕೆ ಅಷ್ಟು ನಡೆದೀತು. ಆದರೆ ಟಿ ಕೋಶದ ನ್ಯೂಕ್ಲಿಯಸ್ ಸುತ್ತ ಸೈಟೋಪ್ಲಾಸಂ ಇರುವುದೇ ತೆಳ್ಳಗೆ ಒಂದು ಪಟ್ಟಿಯಷ್ಟು. 5 ಮೈಕ್ರಾನ್ ಹಿಗ್ಗಿಸಿದರೆ ಗೆರೆ ಪಕ್ಕದ ಗಡ್ಡೆ ಕೋಶದೊಳಗೆ ಹೋಗಿ ಅದರ ಕೆರಾಟಿನ್ನನ್ನೂ ಟಿ ಕೋಶದ ಲೆಕ್ಕಕ್ಕೆ ಸೇರಿಸುತ್ತದೆ. ಪದರದ ದಪ್ಪದಲ್ಲಿ ಒಂದರ ಮೇಲೊಂದು ಬಿದ್ದ ಕೋಶಗಳಿಂದಲೂ ಇದೇ ಎಡವಟ್ಟು. ನನ್ನ ‘ಹೊಸ ಕೋಶ’ ಅಂದರೆ ಒಂದಕ್ಕೊಂದು ಅಂಟಿಕೊಂಡ ಎರಡು ಕೋಶಗಳು, ಅಷ್ಟೇ.

ಹಾಗಿದ್ದರೆ ಗ್ರಾಫ್ ಏಕೆ ಸರಿಯಾಗಿ ಬಂತು? ಟಿ ಕೋಶಗಳು ಗಡ್ಡೆಯೊಳಗೆ ನುಗ್ಗಿ ಒತ್ತೊತ್ತಾಗಿ ಸೇರಿದ ಕಡೆಯೇ ಈ ತಪ್ಪು ಹೆಚ್ಚು. ಅಂಥ ರೋಗಿಗಳ ಸ್ಥಿತಿ ಹಲವು ಕ್ಯಾನ್ಸರ್‌ಗಳಲ್ಲಿ ಉತ್ತಮವಾಗಿರುತ್ತದೆ. ಫ್ರಾನ್ಸಿನ ಜೆರೋಮ್ ಗಾಲೊನ್ ತಂಡ ದೊಡ್ಡಕರುಳಿನ ಕ್ಯಾನ್ಸರ್‌ನಲ್ಲಿ 2006ರಲ್ಲೇ ಇದನ್ನು ತೋರಿಸಿತ್ತು. ನಾನು ಗೊತ್ತಿದ್ದ ಸಂಗತಿಯನ್ನೇ ಇಲ್ಲದ ಕೋಶದ ಹೆಸರಲ್ಲಿ ಅಳೆಯುತ್ತಿದ್ದೆ. ಅದಕ್ಕೇ ಅಂಕಿಅಂಶದ ಯಾವ ಪರೀಕ್ಷೆಯೂ ನನ್ನನ್ನು ತಡೆಯಲಿಲ್ಲ.

ಈ ತಪ್ಪು ಹಿಡಿದವರು ನಮ್ಮ ಪೆಥಾಲಜಿಸ್ಟ್. ಚಿತ್ರದ ಮೇಲೆ ಸಾಫ್ಟ್‌ವೇರ್ ಎಳೆದ ಗೆರೆಗಳನ್ನು ಹಾಕಿ ತೋರಿಸು ಅಂದರು. ಜೂಮ್ ಮಾಡಿದಾಗ ಒಂದು ಗೆರೆಯೊಳಗೆ ಸಿಡಿ3 ಹಸಿರು ಉಂಗುರವಾಗಿ ಒಂದು ಬದಿಗೆ, ಕೆರಾಟಿನ್ ಕೆಂಪಾಗಿ ಇನ್ನೊಂದು ಬದಿಗೆ. ಒಂದೇ ಕೋಶವಾಗಿದ್ದರೆ ಹೀಗೆ ಬೇರೆಯಾಗಿ ನಿಲ್ಲುತ್ತಿರಲಿಲ್ಲ. ಅವರು ನಮ್ಮ ಕಾರಿಡಾರಿನ ಆ ತುದಿಯಲ್ಲೇ ಕೂರುತ್ತಿದ್ದರು, ನಾನು ಅಷ್ಟು ದಿನ ಅಂಕಿಗಳ ಸಿಎಸ್‌ವಿ ಫೈಲ್ ಬಿಟ್ಟು ಎದ್ದಿರಲಿಲ್ಲ. ಬರೆದಿದ್ದ ಪೇಪರ್ ಕೈಬಿಟ್ಟೆವು.

ಆದ್ದರಿಂದ ‘ಎಷ್ಟು ಓದಲಿ’ ಅನ್ನುವ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಓದಿ, ಬೇಡ ಅನ್ನಲ್ಲ, ಆದರೆ ಹೊರಡುವ ಮೊದಲು ಕಣ್ಣು ಪಳಗಿಸಿಕೊಳ್ಳಿ. ಕ್ಯೂಪಾತ್ ಉಚಿತ, ಟಿಸಿಜಿಎ ಎಂಬ ಅಮೆರಿಕದ ಕ್ಯಾನ್ಸರ್ ಸಂಗ್ರಹದ ಸ್ಲೈಡ್ ಚಿತ್ರಗಳೂ ಉಚಿತವಾಗಿ ಸಿಗುತ್ತವೆ. ಅವನ್ನು ತೆಗೆದುಕೊಂಡು ನಿಮ್ಮೂರಿನ ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಹೋಗಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು ನೋಡಲು ಬಿಡಿ ಸರ್ ಅಂತ ಕೇಳಿ. ಯಾವ ಮಾಡೆಲ್ ಕಲಿಯಲಿ ಅನ್ನುವ ಚಿಂತೆ ಅಲ್ಲಿ ಹೋದ ಮೇಲೂ ಆದೀತು. ಸೀಟು ಒಪ್ಪಿಕೊಳ್ಳುವ ಮುಂಚೆ ಲ್ಯಾಬಿನವರನ್ನು ಒಂದು ಮಾತು ಕೇಳಿ: ಸೆಗ್ಮೆಂಟೇಶನ್, ಅಂದರೆ ಸಾಫ್ಟ್‌ವೇರ್ ಕೋಶಗಳ ಸುತ್ತ ಎಳೆದ ಗೆರೆ, ಸರಿಯಿದೆಯೇ ಅಂತ ನಿಮ್ಮಲ್ಲಿ ಯಾರು, ಎಷ್ಟು ದಿನಕ್ಕೊಮ್ಮೆ ಚಿತ್ರ ತೆರೆದು ನೋಡುತ್ತಾರೆ? ಹೆಸರು ಹೇಳಲು ತಡವರಿಸಿದರೆ ಆ ಲ್ಯಾಬ್ ಬೇಡ.