ಈ ಚಳಿಗೆ ಯಾವ ಸ್ವೆಟರ್ ಹೆಣೆಯಲಿ?

ದೀಪಾವಳಿ ಮುಗಿದು ಬೆಳಗಾವಿಯಲ್ಲಿ ಬೆಳಗಿನ ಮಂಜು ಶುರುವಾದರೆ ಸಾಕು, ನನ್ನ ಫೋನಿಗೆ ಸ್ವೆಟರ್ ಫೋಟೋಗಳು ಬರತೊಡಗುತ್ತವೆ. "ಅಕ್ಕಾ, ಈ ಪ್ಯಾಟರ್ನ್ ಹೇಗಿದೆ, ಹೆಣೆಯಲಾ?" ಅಂತ. ಈ ಸಲ ನೀವು ಕಳಿಸಿದ್ದನ್ನೆಲ್ಲ ಗುಡ್ಡೆ ಹಾಕಿ ನೋಡಿದೆ. ದೊಗಳೆ ಸ್ವೆಟರ್, ಯೋಕ್ (ಕುತ್ತಿಗೆ ಸುತ್ತಿನಿಂದ ಭುಜದವರೆಗಿನ ಭಾಗ) ತುಂಬ ಚಿತ್ರ ಇರುವ ಸ್ವೆಟರ್, ತೋಳಿಲ್ಲದ ವೆಸ್ಟ್, ಮತ್ತೆ ತಲೆಗೆ ಕುತ್ತಿಗೆಗೆ ಸುತ್ತುವ ಚಿಕ್ಕಪುಟ್ಟ ಐಟಂ, ಇಷ್ಟೇ. ಹೆಚ್ಚಿನವೆಲ್ಲ ಹಿಮ ಬೀಳುವ ದೇಶದವರು ತಮ್ಮ ಚಳಿಗೆ, ತಮ್ಮ ಉಣ್ಣೆಗೆ ಬರೆದಿದ್ದು. ನಮ್ಮ ಕೈಯಲ್ಲಿರುವುದು ಲೂಧಿಯಾನಾದ ಅಕ್ರಿಲಿಕ್ ಉಲ್ಲನ್, ನಮ್ಮ ಚಳಿ ಹತ್ತು ಗಂಟೆಗೆ ಮನೆಗೆ ಹೋಗುವ ಚಳಿ. ಅದನ್ನು ತಲೆಯಲ್ಲಿಟ್ಟುಕೊಂಡೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಶಿಕ್ಷಕಿ. ಬೆಳಿಗ್ಗೆ ಬಸ್ಸಿಗೆ ನಿಂತಾಗ ನಡುಕ, ಹನ್ನೊಂದಕ್ಕೆ ಬೆವರು. ದಿನಾ ಸೀರೆ ಉಡುತ್ತೇನೆ. ಹೊಸ ಡಿಸೈನ್‌ಗಳಲ್ಲಿ ನನಗೆ ಯಾವುದು ಆಗುತ್ತದೆ?

ವೆಸ್ಟ್. ಯೋಚನೆ ಮಾಡುವ ಮಾತೇ ಇಲ್ಲ. ನಿಮ್ಮಲ್ಲಿ ಕೆಲವು ದಿನ ಬೆಳಿಗ್ಗೆ 12 ಡಿಗ್ರಿಗೆ ಇಳಿದು ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ, ಅಂಥಲ್ಲಿ ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರ್ ಹಾಕಿಕೊಂಡರೆ ಸ್ಟಾಫ್ ರೂಮಿನಲ್ಲಿ ಕೂದಲು, ಸೆರಗು, ಪಿನ್ನು ಎಲ್ಲವೂ ಕೆದರಿ ಹೋಗುತ್ತವೆ. ಮುಂದೆ ಗುಂಡಿ ಇರುವ, ವಿ ಕುತ್ತಿಗೆಯ ವೆಸ್ಟ್ ಹೆಣೆಯಿರಿ.

ಇನ್ನೊಂದು ಮಾತು. ಈ ಸಲ ಸೊಂಟದವರೆಗೂ ಬಾರದ ಗಿಡ್ಡ ಡಿಸೈನ್‌ಗಳು ಬಂದಿವೆಯಲ್ಲ, ಅದನ್ನು ನೋಡಿ ತುಂಬಾ ಜನ "ಇದೇನು, ದಾರ ಸಾಲಲಿಲ್ವಾ" ಅಂತ ನಗುತ್ತಾರೆ. ಜೀನ್ಸ್ ಮೇಲೆ ನನಗೂ ಅದು ಅಷ್ಟಕ್ಕಷ್ಟೇ. ಆದರೆ ಸೀರೆಯ ಮೇಲೆ? ಅದಕ್ಕೇ ಹೊಲಿಸಿದ ಹಾಗೆ ಕೂರುತ್ತದೆ. ಉದ್ದ ಸ್ವೆಟರ್ ನೆರಿಗೆಯ ಮೇಲೆ ಉಬ್ಬಿ ಹೊಟ್ಟೆ ತೋರಿಸುತ್ತದೆ, ಗಿಡ್ಡದ್ದು ನೆರಿಗೆಯ ಮೇಲೆಯೇ ನಿಂತುಬಿಡುತ್ತದೆ. 250ರಿಂದ 300 ಗ್ರಾಂ ದಾರ ಸಾಕು, ಸಂಜೆ ಒಂದೊಂದು ಗಂಟೆ ಕೂತರೂ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹಾಕಿಕೊಂಡು ಹೋಗಬಹುದು.

ತೋಳಿನ ಅಂಚಿಗೆ ರಿಬ್ (ಎಳೆದರೆ ಹಿಗ್ಗುವ ಗೀರು ಗೀರಿನ ಪಟ್ಟಿ) ಎತ್ತುವಾಗ ಮಾತ್ರ ಪ್ರತಿ ಸಾಲಿಗೂ ಒಂದು ಕುಣಿಕೆ ಎತ್ತಬೇಡಿ. ನಾಲ್ಕು ಸಾಲಿಗೆ ಮೂರು. ಇಲ್ಲದಿದ್ದರೆ ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗಿ ನಿಲ್ಲುತ್ತದೆ.

ಪ್ರಶ್ನೆ: ಪುಣೆಯಲ್ಲಿರುವ ಮಗಳಿಗೆ ಮೊಹೇರ್ ಎಳೆ ಸೇರಿಸಿ ಹೆಣೆದ ದೊಗಳೆ ಸ್ವೆಟರ್ ಬೇಕಂತೆ. ಬೆಳಗಾವಿಯಲ್ಲಿ ನನಗೆ ಸಿಗುವುದು ಅಕ್ರಿಲಿಕ್. ಅದರಲ್ಲೇ ಮಾಡಲಾ?

ಮಾಡಬೇಡಿ ವೈನಿ. ಆ ಸ್ವೆಟರ್‌ನ ಚೆಂದ ಇರುವುದು ಅದರ ಹಗುರದಲ್ಲಿ. ಮೊಹೇರ್ ಅಂದರೆ ಅಂಗೋರಾ ಮೇಕೆಯ ಕೂದಲು (ಅಂಗೋರಾ ಅಂತ ಮಾರುವ ಉಣ್ಣೆ ಮಾತ್ರ ಮೊಲದ್ದು, ಎರಡನ್ನೂ ಕಲಸಿಕೊಳ್ಳಬೇಡಿ), ತೆಳ್ಳಗೆ ಹೆಣೆದರೂ ಅದು ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಅಳತೆಯನ್ನು ಅಕ್ರಿಲಿಕ್‌ನಲ್ಲಿ ಹೆಣೆದರೆ 600, 700 ಗ್ರಾಂ ತೂಗುತ್ತದೆ, ಎರಡು ಸಲ ಒಗೆದ ಮೇಲೆ ಭುಜ ಮೊಣಕೈ ಹತ್ತಿರ ಬರುತ್ತದೆ. ಅಕ್ರಿಲಿಕ್‌ನಲ್ಲೇ ಮಾಡಬೇಕು ಅಂತಿದ್ದರೆ, ಎದೆಯ ಅಳತೆಗಿಂತ 25 ಸೆಂಟಿಮೀಟರ್ ದೊಡ್ಡದು ಅಂತ ಪ್ಯಾಟರ್ನ್ ಹೇಳಿದ್ದರೆ ನೀವು 10ಕ್ಕೆ ನಿಲ್ಲಿಸಿ. ಭುಜದ ಹೊಲಿಗೆ ಬಿಗಿಯಾಗಿರಲಿ. ಮಗಳು ಹಟ ಹಿಡಿದರೆ ಮೊಹೇರ್ ಅವಳೇ ತರಿಸಿಕೊಡಲಿ, ಆದರೆ ತಪ್ಪಾದರೆ ಬಿಚ್ಚುವುದು ನೀವು ಅಂತ ನೆನಪಿರಲಿ. ಎಳೆಗೆ ಎಳೆ ಅಂಟಿಕೊಂಡು ಬರುವುದೇ ಇಲ್ಲ. ಹೆಣಿಗೆಯನ್ನು ಚೀಲದಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರೀಜರ್‌ನಲ್ಲಿಟ್ಟು ಬಿಚ್ಚಿದರೆ ಒಂಚೂರು ಸುಲಭ.

ಹಾಂ, ಅಕ್ರಿಲಿಕ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಬೇಡಿ. ನಾನು ಒಮ್ಮೆ ಮೈದುನನ ಮಗನ ಸ್ವೆಟರ್‌ಗೆ ಇಟ್ಟು, ರಿಬ್ಬಿನ ಜೀವವೇ ಹೋಗಿ, ಅದು ಒದ್ದೆ ರೊಟ್ಟಿಯ ಹಾಗೆ ಜೋತು ಬಿತ್ತು.

ಪ್ರಶ್ನೆ: ಇಳಕಲ್‌ನಿಂದ ಬರೆಯುತ್ತಿದ್ದೇನೆ. ಗುಂಡು ಯೋಕ್ ಸ್ವೆಟರ್‌ನಲ್ಲಿ ಪ್ಯಾಟರ್ನ್‌ನ ಹೂವಿನ ಬದಲು ನಮ್ಮ ಕಸೂತಿಯ ಗೋಪುರ, ತೇರು, ಆನೆ ಹಾಕಬೇಕು ಅಂತ ಆಸೆ. ಒಂದು ತುಂಡು ಹೆಣೆದು ನೋಡಿದೆ, ಗೋಪುರ ಕುಳ್ಳಗಾಗಿ ಕೂತಿದೆ. ಚೌಕ ಚೌಕದ ಚಾರ್ಟ್ ಸರಿಯಾಗಿಯೇ ಇತ್ತು.

ಈ ಪ್ರಶ್ನೆ ಓದಿ ಖುಷಿಯಾಯಿತು ತಂಗಿ. ಫೋಟೋದಲ್ಲಿ ಗೋಪುರ ಪಾಪ, ಯಾರೋ ತಲೆ ಮೇಲೆ ಕೂತ ಹಾಗಿದೆ. ತಪ್ಪು ಚಾರ್ಟಿನದಲ್ಲ, ಚೌಕದ್ದು. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ ಹಾಕುತ್ತೀರಿ, ಅಡ್ಡ ಉದ್ದ ಎರಡೂ ಹೆಚ್ಚುಕಡಿಮೆ ಒಂದೇ. ಹೆಣಿಗೆಯ ಕುಣಿಕೆ ಹಾಗಲ್ಲ, ಅಗಲ ಜಾಸ್ತಿ, ಎತ್ತರ ಕಡಿಮೆ. ನಿಮ್ಮ ತುಂಡಿನಲ್ಲಿ 10 ಸೆಂಟಿಮೀಟರ್‌ಗೆ 22 ಕುಣಿಕೆ, 30 ಸಾಲು ಬಂದಿದೆ ಅಂತ ಬರೆದಿದ್ದೀರಿ. ಅಂದರೆ 22 ಮನೆ ಅಗಲ, 22 ಮನೆ ಎತ್ತರದ ಗೋಪುರ 10 ಸೆಂಟಿಮೀಟರ್ ಅಗಲಕ್ಕೆ ಏಳೂಕಾಲು ಸೆಂಟಿಮೀಟರ್ ಎತ್ತರ ಮಾತ್ರ ಬರುತ್ತದೆ. ಚಾರ್ಟಿನ ಪ್ರತಿ ಮೂರನೇ ಸಾಲನ್ನು ಎರಡು ಸಲ ಹೆಣೆಯಿರಿ. 22 ಸಾಲು 29 ಆಗುತ್ತದೆ, ಗೋಪುರ ತಲೆ ಎತ್ತುತ್ತದೆ.

ಇನ್ನು ಗೋಪುರ, ತೇರು, ಆನೆ ಮೂರರಲ್ಲಿ ಯೋಕ್‌ಗೆ ಒಗ್ಗುವುದು ಗೋಪುರ ಒಂದೇ. ಯಾಕೆ ಅಂದರೆ ಗುಂಡು ಯೋಕ್ ಭುಜದ ಹತ್ತಿರ ಅಗಲ, ಕುತ್ತಿಗೆಗೆ ಹೋಗುತ್ತಾ ಕಿರಿದು. ಗೋಪುರವೂ ಹಾಗೇ ಅಲ್ವಾ! ಎರಡು ಗೋಪುರಗಳ ನಡುವಿನ ಖಾಲಿ ಜಾಗದಲ್ಲಿ ಕುಣಿಕೆ ಕಡಿಮೆ ಮಾಡುತ್ತಾ ಹೋದರೆ ಚಿತ್ರಕ್ಕೆ ಏನೂ ಆಗುವುದಿಲ್ಲ. ಕುತ್ತಿಗೆಯಿಂದ ಕೆಳಗೆ ಹೆಣೆಯುವ ಪ್ಯಾಟರ್ನ್ ಆದರೆ ಶಿಖರದಿಂದ ಶುರು, ಅಲ್ಲಿ ಕುಣಿಕೆ ಹೆಚ್ಚಿಸುತ್ತಾ ಬರಬೇಕು. ತೇರಿಗೆ ಕೆಳಗೆ ಗಾಲಿ, ಮೇಲೆ ಪತಾಕೆ, ಎಲ್ಲಿ ಕಡಿಮೆ ಮಾಡಿದರೂ ಏನೋ ಒಂದು ಮುರಿಯುತ್ತದೆ. ಅದನ್ನು ಹೊಟ್ಟೆಯ ಭಾಗದಲ್ಲಿ ಪಟ್ಟಿಯಾಗಿ ಹಾಕಿ. ಆನೆಯನ್ನು ಹೆಣೆಯಲೇ ಬೇಡಿ. ಸ್ವೆಟರ್ ಮುಗಿದ ಮೇಲೆ ದಪ್ಪ ಸೂಜಿಯಲ್ಲಿ, ಇರುವ ಕುಣಿಕೆಯ ದಾರಿಯಲ್ಲೇ ಬೇರೆ ಬಣ್ಣದ ದಾರ ಓಡಿಸಿ ಮೇಲೆ ಮೂಡಿಸಿ.

ಕಸೂತಿಯ ಹೊಲಿಗೆಗಳಲ್ಲಿ ಗವಂತಿ, ಮುರ್ಗಿಯ ಬರೀ ಗೆರೆಯ ಚಿತ್ರಗಳು ಹೆಣಿಗೆಗೆ ಬರುವುದಿಲ್ಲ, ಮೆಂತಿ ಅಥವಾ ನೇಗಿಯ ತುಂಬಿದ ಚಿತ್ರ ಆರಿಸಿಕೊಳ್ಳಿ. ಗವಂತಿ ಹಿಂದೆ ಮುಂದೆ ಒಂದೇ ತರ ಕಾಣುತ್ತದೆ, ಇಲ್ಲಿ ಹಾಗಲ್ಲ, ಬಳಸದ ಬಣ್ಣದ ದಾರ ಒಳಗೆ ಉದ್ದಕ್ಕೂ ತೇಲುತ್ತದೆ. ಐದು ಕುಣಿಕೆಗಿಂತ ಉದ್ದ ತೇಲಿದರೆ ನಡುವೆ ಒಮ್ಮೆ ಸಿಕ್ಕಿಸಿ, ಇಲ್ಲದಿದ್ದರೆ ಹಾಕಿಕೊಳ್ಳುವಾಗ ಬೆರಳು, ಬಳೆ ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಬಣ್ಣ? ದಾಳಿಂಬೆ ಕೆಂಪಿನ ಮೇಲೆ ಬಿಳಿ. ನಿಮ್ಮೂರಲ್ಲಿದ್ದುಕೊಂಡು ಬೂದು ಬಣ್ಣ ಯಾಕೆ ಆರಿಸಿದಿರೋ ಗೊತ್ತಾಗಲಿಲ್ಲ.

ಪ್ರಶ್ನೆ: ಪ್ಯಾಟರ್ನ್‌ನಲ್ಲಿ 8 ನಂಬರ್ ಕಡ್ಡಿ ಅಂತ ಇತ್ತು, ಗೋಕಾಕದಲ್ಲಿ 8 ನಂಬರೇ ಕೊಂಡೆ. 180 ಕುಣಿಕೆ ಹಾಕಿ ಮುಗಿಸಿದರೆ ಸ್ವೆಟರ್ ನನಗಲ್ಲ, ನನ್ನ ಮಗನಿಗೆ ಆಗುವ ಹಾಗಿದೆ!

ನಿಮ್ಮದು ಅಮೆರಿಕದ ಪ್ಯಾಟರ್ನ್, ಕಡ್ಡಿ ಬ್ರಿಟನ್ ಲೆಕ್ಕದ್ದು. ಅಮೆರಿಕದ 8 ಅಂದರೆ 5 ಮಿಲಿಮೀಟರ್. ನಮ್ಮ ಅಂಗಡಿಯ 8 ಅಂದರೆ 4. ಅವರಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ, ನಮ್ಮಲ್ಲಿ ಏರಿದರೆ ತೆಳು. ಅವರ ಲೆಕ್ಕದಲ್ಲಿ 10 ಸೆಂಟಿಮೀಟರ್‌ಗೆ 18 ಕುಣಿಕೆ, ಅಂದರೆ ಸುತ್ತಳತೆ 100 ಸೆಂಟಿಮೀಟರ್. ನಿಮಗೆ 22 ಬಂದಿದೆ, ಸುತ್ತಳತೆ 82ಕ್ಕೆ ಇಳಿಯಿತು. ನಂಬರ್ ಮರೆತುಬಿಡಿ, ಮಿಲಿಮೀಟರ್ ನೋಡಿ, ಅಂಗೈಯಗಲದ ತುಂಡು ಹೆಣೆದು ಎಣಿಸಿ ಆಮೇಲೆ ಶುರು ಮಾಡಿ. ಈಗಿನದ್ದು ಮಗನಿಗೆ ಕೊಡಿ.

ಪ್ರಶ್ನೆ: ಬಾಲಾಕ್ಲಾವಾ ಹೆಣೆಯಬೇಕಾ?

ಅದು ಮಂಕಿ ಟೋಪಿ ಕಣ್ರೀ! ಅಪ್ಪಂದಿರು ಹಾಕಿದರೆ ನಗುತ್ತಿದ್ದವರೇ ಈಗ ಪ್ಯಾಟರ್ನ್ ಕೊಳ್ಳುತ್ತಿದ್ದಾರೆ. ಹೆಸರು ಬಂದದ್ದು 1854ರಲ್ಲಿ ಕ್ರಿಮಿಯಾ ಯುದ್ಧದ ಕಾಳಗ ನಡೆದ ಊರಿಂದ. ಕಾರ್ಡಿಗನ್, ರ್‍ಯಾಗ್ಲನ್ (ಮುಂದೆ ಗುಂಡಿಯ ಸ್ವೆಟರ್, ಓರೆ ಹೊಲಿಗೆಯ ತೋಳು) ಹೆಸರುಗಳೂ ಅದೇ ಯುದ್ಧದ ಬ್ರಿಟಿಷ್ ಸೇನಾಧಿಕಾರಿಗಳವು. ಬೆಳಿಗ್ಗೆ ಗಾಡಿ ಓಡಿಸುವವರಿಗೆ ಚಲೋ, ಆದರೆ ಹೆಲ್ಮೆಟ್ ಒಳಗೆ ಹೋಗಬೇಕಾದರೆ ತೆಳು ದಾರ ಬೇಕು, ಜಡೆ ಡಿಸೈನ್ ಬೇಡ. ಗಲ್ಲದ ಕೆಳಗೆ ಲಾಡಿ ಕಟ್ಟುವ ಇನ್ನೊಂದು ಹೊಸ ಟೋಪಿ ಇದೆಯಲ್ಲ, ಅದು ಕೂಸಿನ ಕುಲಾವಿ. ದೊಡ್ಡವರಿಗೆ ನನಗಂತೂ ಹಿಡಿಸಲಿಲ್ಲ.

ಪ್ರಶ್ನೆ: ನಮ್ಮ ಕಡೆ ಕಂಬಳಿಗೆ ನೂಲುವ ಕುರಿ ಉಣ್ಣೆ ಸಿಗುತ್ತದೆ. ಈ ಹೊಸ ತ್ರಿಕೋನ ಸ್ಕಾರ್ಫ್ ಅದರಲ್ಲಿ ಹೆಣೆಯಬಹುದಾ? (ಬಾದಾಮಿ ಹತ್ತಿರದ ಹಳ್ಳಿಯಿಂದ)

ಕುತ್ತಿಗೆಗೆ ಬೇಡ. ಎಳೆಯ ದಪ್ಪ 30 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಾಟಿದರೆ ಚರ್ಮಕ್ಕೆ ಚುಚ್ಚುತ್ತದೆ, ನಮ್ಮ ದಖನಿ ಕುರಿಯದು ಒರಟು ಎಳೆ. ಮೆರಿನೋ ಕುರಿಯ ಮೆತ್ತನೆ ಉಣ್ಣೆ ಆದರೆ 24ರ ಒಳಗೇ ಇರುತ್ತದೆ. ಆ ಸ್ಕಾರ್ಫ್‌ಗೆ 50 ಗ್ರಾಂ ಮೆತ್ತನೆ ದಾರ ಸಾಕು, ಹೊರಗಿಂದ ತರಿಸಿ. ಕಂಬಳಿ ನೂಲನ್ನು ಮಾತ್ರ ಬಿಡಬೇಡಿ, ಆ ಕರಿ ಕಂದು ಬಣ್ಣ ಯಾವ ಬಣ್ಣದ ಡಬ್ಬಿಯಲ್ಲೂ ಸಿಗುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತಿಕ್ಕದೆ ಧೂಳು ಜಿಡ್ಡು ಬಿಡಿಸಿ, ನೆರಳಲ್ಲಿ ಒಣಗಿಸಿ. 6 ಮಿಲಿಮೀಟರ್ ಕಡ್ಡಿಯಲ್ಲಿ ಬರೀ ಸೀದಾ ಸಾಲು ಹೆಣೆದು ಒಂದು ಹೆಗಲ ಚೀಲ ಮಾಡಿ, ಒಳಗೆ ಹಳೆ ಇಳಕಲ್ ಸೀರೆಯ ತುಂಡು ಲೈನಿಂಗ್ ಕೊಡಿ. ಮುಗಿದ ಮೇಲೆ ಫೋಟೋ ಕಳಿಸಿ, ನನಗೂ ಒಂದು ಬೇಕಾಗಬಹುದು.